ಅರ್ಧ ಮುಗಿದ ಕೆಲಸಕ್ಕೆ ಒಂದು ಜಾಗ



ಸೃಜನಶೀಲ ವೃತ್ತಿಗಳಲ್ಲಿರುವವರು ತಮ್ಮ ಕೆಲಸವನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವ ಜಾಗವನ್ನು ಅಂತರ್ಜಾಲದಲ್ಲಿ ಹೇಗೆ ಕಟ್ಟಬೇಕು ಎಂಬುದು ಇವತ್ತಿನ ನನ್ನ ವಿಷಯ. ಇದು ತಂತ್ರಾಂಶ ಬರೆಯುವವರಿಗೆ ಬಿಟ್ಟ ವಿಚಾರ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಚಿತ್ರವನ್ನು ಯಾವ ಅಳತೆಯಲ್ಲಿ ತೋರಿಸಬೇಕು, ಅದರ ಕೆಳಗೆ ಮೆಚ್ಚಿದವರ ಲೆಕ್ಕ ಕಾಣಬೇಕೇ, ಹೊಸಬರನ್ನು ಯಾರು ಮಾತನಾಡಿಸಬೇಕು, ಬಿಟ್ಟು ಹೋಗುವವನು ತನ್ನ ಗಂಟುಮೂಟೆ ಕಟ್ಟಿಕೊಂಡು ಹೋಗಬಹುದೇ ಎಂಬಂಥ ತೀರ್ಮಾನಗಳು ಮೇಲುನೋಟಕ್ಕೆ ಬಹಳ ಸಣ್ಣವು. ಆದರೆ ಹತ್ತು ವರ್ಷ ಕಳೆದ ಮೇಲೆ ಅಲ್ಲಿನ ಕಲಾವಿದರು ಎಂಥ ಚಿತ್ರ ಬರೆಯುತ್ತಿದ್ದಾರೆ ಎಂಬುದರ ಮೇಲೆ ಈ ತೀರ್ಮಾನಗಳ ಬೆರಳಚ್ಚು ಬಿದ್ದಿರುತ್ತದೆ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಜಾಗಗಳು ಸಾಮಾನ್ಯವಾಗಿ ಶುರುವಾಗುವುದು ಕೆಲಸಗಾರರು ಕೆಲಸಗಾರರಿಗೆ ತೋರಿಸುವ ಜಾಗಗಳಾಗಿ. ಜನ ಸೇರಿದಂತೆ, ಬಂಡವಾಳ ಬಂದಂತೆ, ಅವು ಬರೀ ನೋಡುಗರಿಗೆ ತೋರಿಸುವ ಜಾಗಗಳಾಗಿ ಬದಲಾಗುತ್ತವೆ. ನೋಡುಗರ ಮುಂದೆ ಯಾರೂ ಅರ್ಧ ಮುಗಿದ ಕೆಲಸ ಇಡುವುದಿಲ್ಲ. ಅರ್ಧ ಮುಗಿದ ಕೆಲಸಕ್ಕೆ ಎಡೆಯಿಲ್ಲದ ಕಡೆ ಕಲಾವಿದನಿಗೆ ಸಿಗುವುದು ಹೆಚ್ಚೆಂದರೆ ಹೊಗಳಿಕೆ. ಕೆಲಸವನ್ನು ತಿದ್ದಿಕೊಳ್ಳಲು ಬೇಕಾದ ಮಾತು ಸಿಗುವುದಿಲ್ಲ.

ಫ್ಲಿಕರ್‌ನಿಂದ ಶುರು ಮಾಡೋಣ. 2004ರ ಫೆಬ್ರುವರಿಯಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸ್ಟೂವರ್ಟ್ ಬಟರ್‌ಫೀಲ್ಡ್, ಕ್ಯಾಟರಿನಾ ಫೇಕ್ ಮತ್ತು ಅವರ ಸಣ್ಣ ತಂಡ ಅದನ್ನು ತೆರೆಯಿತು. ಅವರು ಕಟ್ಟುತ್ತಿದ್ದದ್ದು ಅನೇಕರು ಒಟ್ಟಿಗೆ ಆಡುವ ಒಂದು ಆಟ. ಆ ಆಟಕ್ಕೆಂದು ಮಾಡಿದ ಸಲಕರಣೆಗಳಿಂದ ಛಾಯಾಚಿತ್ರ ಹಂಚಿಕೊಳ್ಳುವ ಜಾಗ ಹುಟ್ಟಿತು. ಮೊದಲ ರೂಪದಲ್ಲಿ ಅದು ಮಾತನಾಡುತ್ತಲೇ ಚಿತ್ರ ತೋರಿಸುವ ಹರಟೆಯ ಕೋಣೆಯಂತಿತ್ತು. ಈ ಹುಟ್ಟು ನನಗೆ ಮುಖ್ಯವಾಗಿ ಕಾಣುತ್ತದೆ. ಚಿತ್ರ ಸಂಗ್ರಹಿಸಿಡುವ ಗೋದಾಮಾಗಿ ಶುರುವಾಗಿದ್ದರೆ ಅದಕ್ಕೆ ಬೇರೆಯದೇ ಸ್ವಭಾವ ಇರುತ್ತಿತ್ತು. ಮೊದಲ ತಿಂಗಳುಗಳಲ್ಲಿ ಹೊಸದಾಗಿ ಬಂದವರನ್ನು ಸ್ಥಾಪಕರೇ ಖುದ್ದಾಗಿ ಮಾತನಾಡಿಸುತ್ತಿದ್ದರು. ಮನೆಗೆ ಬಂದವರಿಗೆ ಹೇಗೆ ನಡೆದುಕೊಳ್ಳಬೇಕೆಂಬುದು ಗೊತ್ತಾಗುವುದು ಮನೆಯವರು ಅವರೊಂದಿಗೆ ನಡೆದುಕೊಂಡ ರೀತಿಯಿಂದಲೇ. ಫ್ಲಿಕರ್‌ನ ಒಳ್ಳೆಯ ನಡತೆಗೆ ನಿಯಮಾವಳಿಗಿಂತ ಈ ಮಾತುಕತೆಯೇ ಹೆಚ್ಚು ಕಾರಣ ಎಂದು ನಾನು ನಂಬುತ್ತೇನೆ.

ಅದರ ಪುಟದ ವಿನ್ಯಾಸವನ್ನೂ ಸ್ವಲ್ಪ ಗಮನಿಸಬೇಕು. ಚಿತ್ರದ ಪಕ್ಕದಲ್ಲಿ ಕ್ಯಾಮೆರಾ ಯಾವುದು, ಶಟರ್ ವೇಗ ಎಷ್ಟು, ಅಪರ್ಚರ್ ಎಷ್ಟು ಎಂಬುದು ಕಾಣುತ್ತಿತ್ತು. ಮೋಡದ ಬೆಳಕಿನಲ್ಲಿ ಯಾರೋ ತೆಗೆದ ಮುಖ ಇಷ್ಟವಾದರೆ, ಅದನ್ನು ಹೇಗೆ ತೆಗೆದರೆಂಬುದು ಅಲ್ಲಿಯೇ ಬರೆದಿರುತ್ತಿತ್ತು. ಚಿತ್ರದ ಮೇಲೆ ಸಣ್ಣ ಚೌಕ ಎಳೆದು, ಆ ಚೌಕಕ್ಕೇ ಅಂಟಿಕೊಂಡಂತೆ ಟಿಪ್ಪಣಿ ಬರೆಯಬಹುದಿತ್ತು. ‘ಚೆನ್ನಾಗಿದೆ’ ಎಂದು ಕೆಳಗೆ ಬರೆಯುವುದಕ್ಕೂ ‘ಈ ಮೂಲೆಯ ಬಿಳಿ ಗೋಡೆ ಕಣ್ಣನ್ನು ಎಳೆಯುತ್ತಿದೆ’ ಎಂದು ಆ ಮೂಲೆಗೇ ಬೆರಳಿಟ್ಟು ತೋರಿಸುವುದಕ್ಕೂ ಇರುವ ದೂರ ದೊಡ್ಡದು. ಬೆರಳಿಡುವ ಅನುಕೂಲವನ್ನು ಪುಟವೇ ಮಾಡಿಕೊಟ್ಟಾಗ ಜನ ಬೆರಳಿಡುತ್ತಾರೆ. ಅದೇ ವರ್ಷ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳನ್ನೂ ಅಲ್ಲಿ ತಂದರು. ಹಕ್ಕು ನನ್ನದೇ, ಆದರೆ ನನ್ನ ಹೆಸರು ಹಾಕಿ ಬಳಸಿಕೊಳ್ಳಿ ಎಂದೋ, ಬಳಸಿ ಆದರೆ ಮಾರಬೇಡಿ ಎಂದೋ ಚಿತ್ರ ಏರಿಸುವಾಗಲೇ ಹೇಳಿಬಿಡುವ ವ್ಯವಸ್ಥೆ ಅದು.

2008ರ ಜನವರಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸಂಗ್ರಹದ ಸುಮಾರು 3000 ಹಳೆಯ ಛಾಯಾಚಿತ್ರಗಳನ್ನು ಫ್ಲಿಕರ್‌ನಲ್ಲಿಟ್ಟಿತು. ‘ದಿ ಕಾಮನ್ಸ್’ ಎಂದು ಅದಕ್ಕೆ ಹೆಸರು. ಚಿತ್ರದಲ್ಲಿದ್ದ ಊರು, ಬೀದಿ, ಯಂತ್ರ, ಮನುಷ್ಯರನ್ನು ಗುರುತಿಸಿ ಜನ ಬರೆಯತೊಡಗಿದರು. ಪರಿಶೀಲಿಸಿದ ಮೇಲೆ ಗ್ರಂಥಾಲಯದವರು ತಮ್ಮ ಪಟ್ಟಿಯನ್ನೇ ತಿದ್ದಿಕೊಂಡರು. ಒಳ್ಳೆಯ ಜಾಗ ಕಟ್ಟಿದರೆ ಅಪರಿಚಿತರ ಮಾತಿನಿಂದಲೂ ತಿಳಿವಳಿಕೆ ಕೂಡುತ್ತದೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಅದೇ ಫ್ಲಿಕರ್‌ನಲ್ಲಿ ಇದಕ್ಕೆ ವಿರುದ್ಧವಾದದ್ದೂ ನಡೆಯಿತು. ‘ಡಿಲೀಟ್ ಮಿ’ ಎಂಬ ಒಂದು ಗುಂಪಿತ್ತು. ಅಲ್ಲಿ ಚಿತ್ರ ಹಾಕಿದರೆ ಸದಸ್ಯರು ಉಳಿಸಿ ಅಥವಾ ಅಳಿಸಿ ಎಂದು ಮತ ಹಾಕುತ್ತಿದ್ದರು. 2006ರಲ್ಲಿ ಒಬ್ಬ ಸದಸ್ಯ ಅಲ್ಲಿ ಹಾಕಿದ್ದು ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸಾನ್ 1932ರಲ್ಲಿ ಫ್ರಾನ್ಸಿನ ಇಯೇರ್‌ನಲ್ಲಿ ತೆಗೆದ ಛಾಯಾಚಿತ್ರವನ್ನು: ಸುರುಳಿ ಮೆಟ್ಟಿಲಿನ ಕೆಳಗೆ ಸೈಕಲ್ ಸವಾರ ಹಾದುಹೋಗುವ ಆ ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಸವಾರ ಮಸುಕಾಗಿದ್ದಾನೆ, ಚಿತ್ರ ಸ್ಪಷ್ಟವಾಗಿಲ್ಲ ಎಂದು ಹೇಳಿ ಅಳಿಸಲು ಮತ ಹಾಕಿದರು. ಇದನ್ನು ಹೇಳಿ ಸಾಮಾನ್ಯರ ಅಭಿರುಚಿಯನ್ನು ಹಳಿಯುವವರಿದ್ದಾರೆ. ನಾನು ಆ ಪಕ್ಷದವನಲ್ಲ. ಮತ ಹಾಕಿದವರು ಛಾಯಾಗ್ರಹಣವನ್ನು ಪ್ರೀತಿಸುತ್ತಿದ್ದ ಜನವೇ. ಅವರ ಕೈಗೆ ಕೊಟ್ಟ ಸಲಕರಣೆ ಮಾತ್ರ ಅವರಿಗೆ ಎರಡೇ ದಾರಿ ಬಿಟ್ಟಿತ್ತು. ಉಳಿಸಿ, ಇಲ್ಲವೇ ಅಳಿಸಿ. ಆ ಮಸುಕು ಅಲ್ಲಿ ಏಕಿದೆ, ಅಲುಗದೆ ನಿಂತ ಮೆಟ್ಟಿಲಿನ ಪಕ್ಕದಲ್ಲಿ ಅದು ಏನು ಮಾಡುತ್ತಿದೆ ಎಂದು ಕೇಳಲು ಅಲ್ಲಿ ಬಿಡುವೇ ಇರಲಿಲ್ಲ. ಅದೇ ಜಾಲತಾಣ, ಹೆಚ್ಚೂಕಡಿಮೆ ಅಂಥದೇ ಜನ. ಹಳೆಯ ಚಿತ್ರವೊಂದರ ಮುಂದೆ ‘ನಿಮಗೇನು ಗೊತ್ತು?’ ಎಂದು ಕೇಳಿದಾಗ ತಜ್ಞರು ಬಲ್ಲದ್ದಕ್ಕೂ ಹೊಸದನ್ನು ಸೇರಿಸಿದರು, ‘ಪಾಸೋ ಫೇಲೋ?’ ಎಂದು ಕೇಳಿದಾಗ ಕಾರ್ತಿಯೆ ಬ್ರೆಸಾನ್‌ರನ್ನೇ ಫೇಲು ಮಾಡಿದರು.

ಮುಂದಿನ ಕಥೆಯನ್ನು ಬೇಗ ಹೇಳುತ್ತೇನೆ. 2005ರಲ್ಲೇ ಯಾಹೂ ಫ್ಲಿಕರನ್ನು ಕೊಂಡಿತ್ತು. 2013ರಲ್ಲಿ ಎಲ್ಲರಿಗೂ ಒಂದು ಟೆರಾಬೈಟ್ ಜಾಗ ಉಚಿತ ಎಂದಿತು. 2018ರಲ್ಲಿ ಅದು ಸ್ಮಗ್‌ಮಗ್ ಎಂಬ ಕಂಪನಿಯ ಕೈಗೆ ಬಂತು. ಉಚಿತ ಖಾತೆಗೆ 1000 ಚಿತ್ರಗಳ ಮಿತಿ ಬಿತ್ತು, ಮಿತಿ ಮೀರಿದ್ದನ್ನು ಹಳೆಯದರಿಂದ ಶುರುಮಾಡಿ ಅಳಿಸುವುದಾಗಿ ಹೇಳಿದರು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಅದಕ್ಕೆ ಮುಂಚೆ ಹಂಚಿದ್ದ ಚಿತ್ರಗಳನ್ನು ಉಳಿಸಿಕೊಂಡದ್ದು ಅವರ ದೊಡ್ಡತನ. ಆದರೂ ಉಚಿತವೆಂದು ಕೊಟ್ಟ ಜಾಗದ ಬಾಡಿಗೆಯನ್ನು ಯಾರೋ ಎಲ್ಲೋ ಕಟ್ಟುತ್ತಿರಲೇಬೇಕು ಎಂಬುದು ಅಷ್ಟು ವರ್ಷ ಯಾರ ಗಮನಕ್ಕೂ ಬಂದಂತಿರಲಿಲ್ಲ.

ಈಗ ವಿನ್ಯಾಸಕಾರರ ಜಾಗವಾದ ಡ್ರಿಬಲ್‌ಗೆ ಬರುತ್ತೇನೆ. ಡ್ಯಾನ್ ಸೀಡರ್‌ಹೋಮ್ ಮತ್ತು ರಿಚ್ ಥಾರ್ನೆಟ್ 2009ರಲ್ಲಿ ಇದನ್ನು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ತೆರೆದರು. ಅದರ ಪ್ರಶ್ನೆ ಒಂದೇ: ಈಗ ಏನು ಮಾಡುತ್ತಿದ್ದೀರಿ? ಉತ್ತರಕ್ಕೆ ಕೊಟ್ಟ ಚೌಕಟ್ಟು 400 ಪಿಕ್ಸೆಲ್ ಅಗಲ, 300 ಪಿಕ್ಸೆಲ್ ಎತ್ತರ. ನೋಡಲು ಯಾರು ಬೇಕಾದರೂ ಬರಬಹುದಿತ್ತು, ಕೆಲಸ ಹಾಕಲು ಒಳಗಿದ್ದವರ ಆಹ್ವಾನ ಬೇಕಿತ್ತು.

ಅಷ್ಟು ಸಣ್ಣ ಚೌಕಟ್ಟಿನಲ್ಲಿ ಒಂದು ಇಡೀ ಪುಟ ಹಿಡಿಸುವುದಿಲ್ಲ. ಹಾಗಾಗಿ ವಿನ್ಯಾಸಕಾರ ಒಂದು ಮೂಲೆಯನ್ನೋ, ಒಂದು ಗುಂಡಿಯ ನೆರಳನ್ನೋ, ಲಾಂಛನದ ಒಂದು ತಿರುವನ್ನೋ ಕತ್ತರಿಸಿ ತೋರಿಸುತ್ತಿದ್ದ. ಗ್ರಾಹಕನ ಗುಟ್ಟು ಹೊರಬೀಳುವ ಭಯವಿಲ್ಲ, ಪೂರ್ತಿಯಾಗಲಿ ಎಂದು ಕಾಯುವ ಹಂಗಿಲ್ಲ. ಇನ್ನೊಬ್ಬರ ಕೆಲಸಕ್ಕೆ ಮಾತಿನ ಬದಲು ಕೆಲಸದಿಂದಲೇ ಉತ್ತರ ಕೊಡುವ ಅವಕಾಶವೂ ಇತ್ತು. ಬ್ಯಾಸ್ಕೆಟ್‌ಬಾಲ್ ಭಾಷೆಯಲ್ಲಿ ಅದನ್ನು ರೀಬೌಂಡ್ ಎನ್ನುತ್ತಿದ್ದರು. ನೀನು ಈ ಅಕ್ಷರವನ್ನು ಹೀಗೆ ಬಾಗಿಸಿದೆ, ನಾನು ಹೀಗೆ ಬಾಗಿಸಿ ನೋಡಿದೆ ಎಂದು ಚಿತ್ರದ ಕೆಳಗೆ ಚಿತ್ರ. ಈ ಎರಡು ಏರ್ಪಾಡುಗಳನ್ನು ಕಲ್ಪಿಸಿದವರಿಗೆ ವಿನ್ಯಾಸದ ಕೆಲಸ ಒಳಗಿನಿಂದ ಗೊತ್ತಿತ್ತು.

ಆದರೆ ಅದೇ ಪುಟದಲ್ಲಿ ಮೆಚ್ಚುಗೆಯ ಎಣಿಕೆಯೂ, ಜನಪ್ರಿಯವಾದದ್ದನ್ನು ಮೇಲೆ ತರುವ ಪಟ್ಟಿಯೂ ಇದ್ದವು. ಕೆಲಸಕ್ಕೆ ಆಳು ಹುಡುಕುವ ಕಂಪನಿಗಳು ಆ ಪಟ್ಟಿಯನ್ನು ನೋಡತೊಡಗಿದವು. 2013ರಲ್ಲಿ ಪಾಲ್ ಆಡಮ್ಸ್ ಎಂಬುವರು ಇದರ ಪರಿಣಾಮದ ಬಗ್ಗೆ ಬರೆದ ಲೇಖನ ಆ ವಲಯದಲ್ಲಿ ದೊಡ್ಡ ಚರ್ಚೆಯಾಯಿತು. ಕೆಲಸ ಕೇಳಿಕೊಂಡು ಬರುವವರು ತೋರಿಸುವುದೆಲ್ಲ ನುಣ್ಣಗೆ ಹೊಳೆಯುತ್ತದೆ, ಒಂದರಂತೆ ಇನ್ನೊಂದಿದೆ, ಯಾರ ಯಾವ ತೊಂದರೆಯನ್ನು ಅದು ಬಗೆಹರಿಸುತ್ತದೆ ಎಂಬುದೇ ಕಾಣುವುದಿಲ್ಲ ಎಂಬುದು ಅವರ ಆಕ್ಷೇಪದ ಸಾರ. ಆ ಮಾತು ಸರಿಯೆಂದೇ ನನ್ನ ಅಭಿಪ್ರಾಯ. ಕೆಲಸದ ಮೂಲೆಯನ್ನು ತೋರಿಸಲೆಂದು ಮಾಡಿದ ಚೌಕಟ್ಟು, ಎಣಿಕೆ ಸೇರಿಕೊಂಡ ಮೇಲೆ, ಮೂಲೆಯನ್ನಷ್ಟೇ ಮಾಡಿ ಉಳಿದದ್ದನ್ನು ಬಿಟ್ಟುಬಿಡುವ ಅಭ್ಯಾಸವನ್ನು ಕಲಿಸಿತು. 2017ರಲ್ಲಿ ಡ್ರಿಬಲ್ ಮಾರಾಟವಾಯಿತು. 2025ರ ಹೊತ್ತಿಗೆ ಅಲ್ಲಿ ಪರಿಚಯವಾದ ಗ್ರಾಹಕರೊಂದಿಗಿನ ವ್ಯವಹಾರ ಆ ವೇದಿಕೆಯ ಮೂಲಕವೇ ನಡೆಯಬೇಕು, ಹಣ ಪಾವತಿಯಾಗುವ ಮುನ್ನ ಸಂಪರ್ಕ ವಿವರ ಕೊಡಬಾರದು ಎಂಬ ನಿಯಮ ಬಂದಿತ್ತು. ಅದನ್ನು ಮೀರಿದರೆಂದು ಎರಡು ಲಕ್ಷಕ್ಕೂ ಹೆಚ್ಚು ಜನ ಹಿಂಬಾಲಿಸುತ್ತಿದ್ದ ಒಬ್ಬ ವಿನ್ಯಾಸಕಾರರ ಖಾತೆಯನ್ನೇ ಮುಚ್ಚಲಾಯಿತು. ವರ್ಷಗಟ್ಟಲೆ ಹಾಕಿದ ಕೆಲಸ, ಸಂಪಾದಿಸಿದ ಪರಿಚಯಗಳು ಅದರೊಂದಿಗೇ ಹೋದವು.

ಎಣಿಕೆಯ ಬಗ್ಗೆ ಇನ್ನೊಂದು ಮಾತು ಸಾಕು. 2019ರಲ್ಲಿ ಇನ್‌ಸ್ಟಾಗ್ರಾಂ ತಾನೇ ಕೆನಡಾದಲ್ಲಿ ಲೈಕುಗಳ ಲೆಕ್ಕವನ್ನು ಬೇರೆಯವರಿಗೆ ಕಾಣದಂತೆ ಮಾಡಿ ನೋಡಿತು, ಆಮೇಲೆ ಇತರ ದೇಶಗಳಿಗೂ ಆ ಪ್ರಯೋಗವನ್ನು ಹಬ್ಬಿಸಿತು. 2021ರಲ್ಲಿ ಬೇಕಾದವರು ಮುಚ್ಚಿಟ್ಟುಕೊಳ್ಳಿ ಎಂದು ಬಳಸುವವರಿಗೇ ಬಿಟ್ಟಿತು. ಎಣಿಕೆಯಿಂದ ಬೆಳೆದ ಕಂಪನಿಗೂ ಅದರ ಭಾರ ಗೊತ್ತಾಗಿತ್ತು ಎಂಬುದಕ್ಕೆ ಇದು ಸಾಕ್ಷಿ. ಲೈಕೇ ಇಲ್ಲದ ಜಾಗ ನಡೆಯುವುದಿಲ್ಲ ಎನ್ನುವವರು ಆರೆನಾ ಎಂಬ ತಾಣವನ್ನು ನೋಡಬೇಕು. ಅಲ್ಲಿ ಲೈಕ್ ಇಲ್ಲ, ಜಾಹೀರಾತಿಲ್ಲ; ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಇರುವ ಅದು ಸದಸ್ಯರು ಕೊಡುವ ಚಂದಾದಿಂದ ನಡೆಯುತ್ತಿದೆ. ಇನ್ನೊಬ್ಬರು ಇಟ್ಟದ್ದು ನಿಮಗೆ ಬೇಕೆನಿಸಿದರೆ ಅದನ್ನು ನಿಮ್ಮ ಸಂಗ್ರಹಕ್ಕೆ ಜೋಡಿಸಿಕೊಳ್ಳುತ್ತೀರಿ. ಮೆಚ್ಚುಗೆ ತೋರಿಸುವ ರೀತಿ ಅದು.

ಈಗ ಎಲ್ಲ ಕಲಾವಿದರ ಎದೆಯ ಮೇಲೆ ಕೂತಿರುವ ಸಂಗತಿಗೆ ಬರುತ್ತೇನೆ. ಡೀವಿಯಂಟ್‌ಆರ್ಟ್ 2000ದ ಆಗಸ್ಟ್‌ನಲ್ಲಿ ಶುರುವಾದ ಹಳೆಯ ತಾಣ. ಎರಡು ದಶಕ ಲಕ್ಷಾಂತರ ಹವ್ಯಾಸಿ ಮತ್ತು ವೃತ್ತಿಪರ ಚಿತ್ರಕಾರರು ಅಲ್ಲಿ ಬೆಳೆದರು. 2022ರ ನವೆಂಬರಿನಲ್ಲಿ ಅದು ಡ್ರೀಮ್‌ಅಪ್ ಎಂಬ ಚಿತ್ರ ಹುಟ್ಟಿಸುವ ಯಂತ್ರವನ್ನು ತಂದಿತು. ಜೊತೆಗೆ, ತನ್ನ ಚಿತ್ರಗಳನ್ನು ಇಂಥ ಯಂತ್ರಗಳಿಗೆ ಕಲಿಸಲು ಬಳಸಬಾರದು ಎಂದುಕೊಂಡ ಕಲಾವಿದ ತಾನೇ ಹೋಗಿ ಬೇಡವೆಂದು ಗುರುತು ಹಾಕಬೇಕಿತ್ತು. ಸುಮ್ಮನಿದ್ದರೆ ಒಪ್ಪಿದಂತೆ. ಕಲಾವಿದರು ಸಿಡಿದೆದ್ದರು, ತಾಣದವರು ಕೂಡಲೇ ಅದನ್ನು ತಿರುಗಿಸಿ, ಎಲ್ಲ ಚಿತ್ರಗಳಿಗೂ ಮೊದಲೇ ‘ಬೇಡ’ ಎಂಬ ಗುರುತು ಇರುವಂತೆ ಮಾಡಿದರು. ಮರುತಿಂಗಳು ಆರ್ಟ್‌ಸ್ಟೇಷನ್‌ನಲ್ಲಿ, ಅಂದರೆ ಸಿನಿಮಾ ಮತ್ತು ವಿಡಿಯೊ ಗೇಮುಗಳಿಗೆ ಚಿತ್ರ ಬರೆಯುವವರ ತಾಣದಲ್ಲಿ, ಕಲಾವಿದರು ಯಂತ್ರ ಹುಟ್ಟಿಸಿದ ಚಿತ್ರ ಬೇಡ ಎಂಬ ಒಂದೇ ನಿಷೇಧದ ಚಿಹ್ನೆಯನ್ನು ಸಾಲುಸಾಲಾಗಿ ಹಾಕಿ ಮುಖಪುಟವನ್ನೇ ತುಂಬಿಸಿದರು. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಗ್ಲೇಜ್ ಎಂಬ ತಂತ್ರಾಂಶ ಕೊಟ್ಟರು: ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದಂತೆ ಚಿತ್ರದಲ್ಲಿ ಸಣ್ಣ ಬದಲಾವಣೆ ಮಾಡಿ, ಯಂತ್ರ ಆ ಕಲಾವಿದನ ಶೈಲಿಯನ್ನು ನಕಲು ಮಾಡುವುದನ್ನು ಕಷ್ಟವಾಗಿಸುತ್ತದೆ.

ಇಲ್ಲಿ ನನ್ನ ನಿಲುವು ಸ್ಪಷ್ಟ. ಸೆಟ್ಟಿಂಗ್ಸ್‌ನ ಏಳನೇ ಮನೆಯಲ್ಲಿ ಬಚ್ಚಿಟ್ಟ ಆಯ್ಕೆಯನ್ನು ಒಪ್ಪಿಗೆ ಎಂದು ಕರೆಯುವುದು ಅನ್ಯಾಯ. ಅರ್ಧ ಮುಗಿದ ಕೆಲಸವನ್ನು ಹತ್ತು ಜನ ಸಹೋದ್ಯೋಗಿಗಳ ಮುಂದೆ ಇಡಲು ಬೇಕಾದ ಧೈರ್ಯ, ಅದು ಆ ಹತ್ತು ಜನರಲ್ಲೇ ಉಳಿಯುತ್ತದೆ ಎಂಬ ಭರವಸೆಯಿಂದ ಬರುತ್ತದೆ. ಹಾಗಾಗಿ ಎಲ್ಲರಿಗೂ ಕಾಣಲಿ ಎಂಬುದನ್ನು ಕಲಾವಿದ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅದು ಒಳಗೇ ಇರಬೇಕು.

ಇನ್ನು ನಮ್ಮ ಮಾತು. ಕನ್ನಡದಲ್ಲಿ ಮುಖಪುಟ ಮಾಡುವವರು, ಪತ್ರಿಕೆಗಳಿಗೆ ರೇಖಾಚಿತ್ರ ಬರೆಯುವವರು, ನಾಟಕದ ಪೋಸ್ಟರ್ ಮಾಡುವವರು ಈಗ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಡಿಕೊಂಡಿದ್ದಾರೆ. ಹೊಸ ಪುಸ್ತಕದ ಮುಖಪುಟ ಬೆಳಗ್ಗೆ ಬರುತ್ತದೆ, ಅಭಿನಂದನೆಗಳು ಬೀಳುತ್ತವೆ, ನಾಲ್ಕು ದಿನದಲ್ಲಿ ಅದು ಕೆಳಗೆ ಜಾರಿ ಹೋಗುತ್ತದೆ. ಚಂದ್ರನಾಥ ಆಚಾರ್ಯರಂಥವರು ಪತ್ರಿಕೆಗಳಿಗೆ ಬರೆದ ಚಿತ್ರಗಳನ್ನು ಹಳೆಯ ಸಂಚಿಕೆಗಳಲ್ಲಿ ಹುಡುಕಿ ನೋಡಬಹುದು. ಆದರೆ ಕಿರಿಯ ಚಿತ್ರಕಾರನಿಗೆ ಅಚ್ಚಾದ ರೂಪಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಅದರ ಹಿಂದಿನ ಕರಡುಗಳು: ಕೈಬಿಟ್ಟ ಮೊದಲ ಗೆರೆ, ಸಂಪಾದಕರು ಬೇಡವೆಂದ ಎರಡನೆಯದು, ಕೊನೆಗೆ ಉಳಿದದ್ದು. ಪ್ರತಿ ಕೆಲಸಕ್ಕೂ ಕರಡುಗಳ ಸಾಲೊಂದನ್ನು ಜೋಡಿಸಿಡುವ ಪುಟ ನನ್ನ ಕಲ್ಪನೆಯ ಜಾಗದಲ್ಲಿ ಇರಲೇಬೇಕು.

ಮಾರಾಟವನ್ನು ಅದರೊಳಗೆ ತರಬಾರದು. ಮಾರಲು ನಮಗೆ ಒಳ್ಳೆಯ ಜಾಗ ಬೇರೆ ಇದೆ. ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಕರ್ನಾಟಕ ಚಿತ್ರಕಲಾ ಪರಿಷತ್ತು ಸಾಮಾನ್ಯವಾಗಿ ಜನವರಿಯಲ್ಲಿ ಚಿತ್ರಸಂತೆ ನಡೆಸುತ್ತಿದೆ. ಕುಮಾರಕೃಪಾ ರಸ್ತೆಯ ವಾಹನಗಳನ್ನು ನಿಲ್ಲಿಸಿ, ಕಲಾವಿದ ತನ್ನ ಚಿತ್ರದ ಪಕ್ಕದಲ್ಲೇ ಕೂತು ಕೊಳ್ಳುವವರೊಂದಿಗೆ ಮಾತನಾಡುವ ದಿನ ಅದು. ಆ ದಿನ ಚಿತ್ರಕ್ಕೆ ಚೌಕಟ್ಟು ಕಟ್ಟಿರಬೇಕು, ಬೆಲೆ ಬರೆದಿರಬೇಕು. ಉಳಿದ ದಿನಗಳಲ್ಲಿ ಕೊಳ್ಳುವವರ ಕಣ್ಣಿಲ್ಲದ ಕಡೆ ಅದೇ ಚಿತ್ರವನ್ನು ಕೆಡಿಸಿ ಮತ್ತೆ ಬರೆಯಲು ಅವನಿಗೆ ಜಾಗ ಬೇಕು.

ಭಾಷೆಯ ತೊಡಕುಗಳೂ ಇವೆ, ಅವು ಬಹಳ ಹತ್ತಿರದವು. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೂ ಡಿಟಿಪಿ ಕೆಲಸದ ದೊಡ್ಡ ಪಾಲು ಇವತ್ತಿಗೂ ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲೇ ನಡೆಯುತ್ತದೆ, ಏಕೆಂದರೆ ವಿನ್ಯಾಸದ ತಂತ್ರಾಂಶಗಳಲ್ಲಿ ಬಹುಕಾಲ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತಿದ್ದವು. ಹಾಗೆ ಮಾಡಿದ ಮುಖಪುಟವನ್ನು ಚಿತ್ರವಾಗಿ ಏರಿಸಿದರೆ ಸಾಮಾನ್ಯ ಹುಡುಕಾಟಕ್ಕೆ ಅದು ಸಿಗುವುದಿಲ್ಲ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಚಿತ್ರ ಯಾರದು, ಅಕ್ಷರ ಯಾರದು ಎಂಬುದನ್ನು ಯೂನಿಕೋಡ್ ಕನ್ನಡದಲ್ಲಿ ಬರೆಸಿಕೊಳ್ಳದೆ ಯಾವ ಕೆಲಸವನ್ನೂ ಒಳಗೆ ಬಿಡಬಾರದು. ಸ್ವಲ್ಪ ಕಟ್ಟುನಿಟ್ಟೆನಿಸಬಹುದು. ಇಪ್ಪತ್ತು ವರ್ಷದ ಮೇಲೆ ಕನ್ನಡ ಮುಖಪುಟಗಳ ಚರಿತ್ರೆ ಬರೆಯಲು ಕೂರುವವರಿಗೆ ಇದೊಂದೇ ಆಧಾರವಾದೀತು.

ಫಾಂಟು ಮಾಡುವವರು ಈ ವಿಚಾರದಲ್ಲಿ ನಮಗಿಂತ ಮುಂದಿದ್ದಾರೆ. ನವಿಲು, ಗುಬ್ಬಿ, ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ ಅಕಾಯ ಕನಡಕ, ಎಕ್ ಟೈಪ್‌ನವರ ‘ಬಾಲೂ ತಮ್ಮ’ ಮುಂತಾದ ಮುಕ್ತ ಫಾಂಟುಗಳ ಮೂಲ ಕಡತಗಳು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿವೆ. ಅಲ್ಲಿ ‘ಚೆನ್ನಾಗಿದೆ’ ಎಂಬ ಮಾತಿಗೆ ಹೆಚ್ಚು ಬೆಲೆಯಿಲ್ಲ. ಇಂಥ ಒತ್ತು ಇಂಥ ಅಕ್ಷರದ ಕೆಳಗೆ ತಪ್ಪು ಜಾಗದಲ್ಲಿ ಕೂರುತ್ತಿದೆ ಎಂದು ಬರೆದರೆ ಅದೇ ಉಪಕಾರ. ತಿದ್ದುಪಡಿ ಯಾವಾಗ, ಯಾರಿಂದ ಆಯಿತು ಎಂಬುದೂ ದಾಖಲಾಗಿರುತ್ತದೆ.

ನಮ್ಮ ವಿಮರ್ಶೆಯೂ ಅಷ್ಟು ಖಚಿತವಾಗಬೇಕು. ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದೆಯೇ, ಇಂಗ್ಲಿಷಿಗೆ ಹೊಂದುವ ಸಾಲಿನ ಅಂತರ ಕನ್ನಡಕ್ಕೆ ಸಾಲದೆ ಬಂದಿದೆಯೇ, ಕಥೆಯಲ್ಲಿ ಇಲ್ಲದ ಹಂಚಿನ ಮನೆ ಮುಖಪುಟದಲ್ಲಿ ಏಕೆ ಬಂತು ಎಂಬಂಥ ಮಾತುಗಳನ್ನು ನಾವು ಎದುರೆದುರು ಕೂತಾಗ ಆಡುತ್ತೇವೆ, ಬರೆಯುವಾಗ ನುಂಗಿಕೊಳ್ಳುತ್ತೇವೆ. ನಾಲ್ಕು ಜನರ ಮುಂದೆ ಹೇಗೆ ಹೇಳುವುದು ಎಂಬ ಸಂಕೋಚ ಅದು, ಸಹಜವಾದದ್ದೇ. ಅದಕ್ಕೇ ಕೆಲಸ ಹಾಕುವವರು ತಮಗೆ ಬೇಕಾದ ಪ್ರಶ್ನೆಯನ್ನು ಮೊದಲು ಬರೆಯುವಂತೆ ಪುಟವನ್ನು ಮಾಡಬೇಕು. ‘ಶೀರ್ಷಿಕೆಯ ಬಣ್ಣ ಚಿತ್ರವನ್ನು ನುಂಗುತ್ತಿದೆಯೇ?’ ಎಂದು ಕೇಳಿದವರಿಗೆ ಹೌದು ಎನ್ನುವುದು ಒರಟುತನವಾಗುವುದಿಲ್ಲ. ಮೊದಮೊದಲು ಸೇರುವವರು ಕೆಲವೇ ಜನ ಇರಲಿ, ಒಬ್ಬರಿಗೊಬ್ಬರು ಹೆಸರಿನಿಂದ ಗೊತ್ತಿರುವಷ್ಟು. ಹೊಸಬರನ್ನು ಮಾತನಾಡಿಸಲು, ಸಿಟ್ಟಾದವರನ್ನು ಸಮಾಧಾನ ಮಾಡಲು, ಉತ್ತರ ಸಿಗದೆ ಉಳಿದ ಪ್ರಶ್ನೆಯನ್ನು ಬಲ್ಲವರ ಕಡೆ ದಾಟಿಸಲು ಸಂಬಳ ಕೊಟ್ಟು ಒಬ್ಬರನ್ನು ಇಡಬೇಕು. ತಂತ್ರಾಂಶಕ್ಕಿಂತ ಮೊದಲು ಹಣ ತೆಗೆದಿಡಬೇಕಾದದ್ದು ಈ ಕೆಲಸಕ್ಕೆ.

ಹಣದ ಮಾತು ಬಂತು. ಉಚಿತವಾಗಿ ತೆರೆದು, ಬಂಡವಾಳ ತಂದು, ಬೆಳೆದು, ಮಾರಾಟವಾಗುವ ದಾರಿಯಲ್ಲಿ ಏನಾಗುತ್ತದೆ ಎಂಬುದನ್ನು ನೋಡಿದೆವು. ಇನ್ನೊಂದು ದಾರಿ ಕನ್ನಡದ ಸಂಸ್ಥೆಗಳಿಗೆ ಚೆನ್ನಾಗಿ ಗೊತ್ತು: ಮೂಲಧನವನ್ನು ಬ್ಯಾಂಕಿನಲ್ಲಿಟ್ಟು, ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸ ನಡೆಸುವ ದತ್ತಿಯ ದಾರಿ. ಬೆಳೆಯಲೇಬೇಕೆಂಬ ಒತ್ತಾಯ ಅದಕ್ಕಿಲ್ಲ. ಫ್ಲಿಕರ್ ಕೂಡ 2022ರಲ್ಲಿ ತನ್ನ ಚಿತ್ರಗಳನ್ನು ನೂರು ವರ್ಷ ಉಳಿಸುವ ಗುರಿಯಿಟ್ಟುಕೊಂಡು ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನವೊಂದನ್ನು ಕಟ್ಟಿಕೊಂಡಿದೆ. ಕೆಲವು ನೂರು ಜನರ ಜಾಗಕ್ಕೆ ಸರ್ವರಿನ ಖರ್ಚು ದೊಡ್ಡದಲ್ಲ. ಅದನ್ನು ನೋಡಿಕೊಳ್ಳುವವರ ಸಂಬಳಕ್ಕೆ ಸದಸ್ಯರ ಚಂದಾ, ಪ್ರಕಾಶಕರ ನೆರವು ಸೇರಿಸಿಕೊಳ್ಳಬಹುದು. ಸಾಹಿತ್ಯಕ್ಕೆ, ಸಂಗೀತಕ್ಕೆ, ಜಾನಪದಕ್ಕೆ ದತ್ತಿ ಇಡುವ ಕುಟುಂಬಗಳಲ್ಲಿ ಒಂದಾದರೂ ಇಂಥ ಜಾಗಕ್ಕೆ ದತ್ತಿ ಇಡಲಿ ಎಂದು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ. ದತ್ತಿ ಪತ್ರ ಬರೆಯುವಾಗ ಮೂರು ಮಾತು ಸೇರಿಸಿ: ಇಲ್ಲಿಟ್ಟ ಕೆಲಸದ ಹಕ್ಕು ಮಾಡಿದವರದೇ, ಅವರು ಕೇಳಿದ ದಿನ ಕರಡು, ಟಿಪ್ಪಣಿ, ಉತ್ತರಗಳ ಸಮೇತ ಎಲ್ಲವನ್ನೂ ಇಳಿಸಿಕೊಳ್ಳುವಂತಿರಬೇಕು, ಮುಚ್ಚುವ ಸಂದರ್ಭ ಬಂದರೆ ಒಂದು ವರ್ಷ ಮುಂಚೆ ತಿಳಿಸಿ, ಸಾರ್ವಜನಿಕವಾಗಿರಲಿ ಎಂದು ಕಲಾವಿದರು ಒಪ್ಪಿದ ಅಷ್ಟನ್ನೂ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸಬೇಕು.